ಜೆಲ್ ನನ್ನದು, ಕೈಗುಣ ಅವರದು

ನನ್ನ ಜೆಲ್ ಮೊದಲ ಸಲ ಒಂದು ಹಸುವಿನ ಕಾಲು ವಾಸಿ ಮಾಡಿದ ದಿನ ನಾನು ಖುಷಿಪಡಬೇಕಿತ್ತು. ಪಡಲಿಲ್ಲ. ಹೊಟ್ಟೆ ಉರಿಸಿಕೊಂಡು ಬಂದೆ. ಅದೂ ಯಾರದೋ ಮನೆಯಲ್ಲಲ್ಲ, ಕಳಸದಲ್ಲಿರುವ ನನ್ನ ಸ್ವಂತ ಚಿಕ್ಕಮ್ಮನ ಕೊಟ್ಟಿಗೆಯಲ್ಲಿ.

ಹಿಂದಿನ ವಾರ ಆ ಹಸು ಮೂರೇ ಕಾಲಿನಲ್ಲಿ ನಿಂತಿತ್ತು. ಗೊರಸಿನ ಸಂದಿಯಲ್ಲಿ ಕೀವು ತುಂಬಿ, ಕೊಟ್ಟಿಗೆಯ ಬಾಗಿಲಿಗೇ ವಾಸನೆ ಬರುತ್ತಿತ್ತು. ಈಗ ನಾಲ್ಕೂ ಕಾಲೂರಿ ಹುಲ್ಲು ಜಗಿಯುತ್ತಾ ನಿಂತಿದೆ. ಪಟ್ಟಿ ಬಿಚ್ಚಿದರೆ ಕೀವಿಲ್ಲ, ವಾಸನೆಯಿಲ್ಲ, ಕೆಂಪಗೆ ಹೊಸ ಮಾಂಸ ಬಂದಿದೆ. ವರ್ಷಗಟ್ಟಲೆ ಲ್ಯಾಬಿನಲ್ಲಿ ಕೂತು ಕಲಸಿ, ಚೆಲ್ಲಿ, ಮತ್ತೆ ಕಲಸಿ ಮಾಡಿದ ವಸ್ತು ಅದು. ನಾನು ಬಾಯಿ ತೆರೆಯುವುದರೊಳಗೆ ಚಿಕ್ಕಮ್ಮ ಕೈ ಮುಗಿದಳು. ನನಗಲ್ಲ, ನನ್ನ ಪಕ್ಕದಲ್ಲಿ ಗಂಬೂಟು ಹಾಕಿಕೊಂಡು ನಿಂತಿದ್ದ ಡಾಕ್ಟರಿಗೆ.

"ಏನೇ ಹೇಳಿ ಡಾಕ್ಟ್ರೇ, ನಿಮ್ಮ ಕೈಗುಣಾನೇ ಬೇರೆ."

"ಚಿಕ್ಕಮ್ಮಾ, ಔಷಧಿ ನಂದು," ಅಂದೆ.

"ಔಷಧಿ ಯಾರು ಬೇಕಾದ್ರೂ ತರಬಹುದು ಮಾರಾಯ್ತಿ. ಹಚ್ಚೋ ಕೈ ಬೇಕಲ್ಲ?"

ಹಚ್ಚಿದ್ದೂ ನಾನೇ! ಡಾಕ್ಟರು ಕಾಲು ಹಿಡಿದುಕೊಂಡಿದ್ದರು, ಅಷ್ಟೇ. ಆದರೆ ಅವರು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಮೀಸೆಯೊಳಗೇ ನಕ್ಕು ಕಾಫಿ ಕುಡಿದರು. ಹೊರಡುವಾಗ ಚಿಕ್ಕಮ್ಮ ಅವರ ಜೀಪಿಗೆ ಒಂದು ಬಾಟಲಿ ಜೇನುತುಪ್ಪ ಇಟ್ಟಳು. ನನಗೆ, "ಸ್ವಲ್ಪ ಮೈ ಕೈ ತುಂಬಿಕೋ, ಒಣಗಿ ಕಡ್ಡಿಯಾಗಿದ್ದೀಯ" ಅಂತ ಬುದ್ಧಿ ಹೇಳಿದಳು.

ಈ ಡಾಕ್ಟರು ಮೂಡಿಗೆರೆ ಕಡೆಯ ಪಶುವೈದ್ಯರು. ನಾನು ಶಾಲೆಗೆ ಹೋಗುವ ಕಾಲದಿಂದಲೂ ಈ ಗುಡ್ಡಗಳಲ್ಲಿ ದನ ನೋಡಿಕೊಂಡಿರುವವರು. ಬಣಕಲ್‌ನ ಹೋಟೆಲಿನಲ್ಲಿ ಅವರು ಕೂರುವ ಮೊದಲೇ ನೀರುದೋಸೆ ಬರುತ್ತದೆ. ಬಸ್ಸಿನ ಡ್ರೈವರು ಅವರನ್ನು ಕಂಡರೆ ನಡುರಸ್ತೆಯಲ್ಲಿ ಬಸ್ ನಿಲ್ಲಿಸಿ ತನ್ನ ಎಮ್ಮೆಯ ಸಮಾಚಾರ ಹೇಳುತ್ತಾನೆ. ನಾನು ಬಯಲುಸೀಮೆಯ ಒಂದು ಪಶುವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಿಂದ, ಜೆಲ್ಲಿನ ಪ್ರಯೋಗಕ್ಕಾಗಿ ಆ ಮಳೆಗಾಲದ ಮಟ್ಟಿಗೆ ಇಲ್ಲಿಗೆ ಬಂದವಳು. ಹುಟ್ಟಿದ್ದು ಈ ಕಡೆಯೇ ಆದರೂ ಜನರ ಪಾಲಿಗೆ ನಾನು ಡಾಕ್ಟರ ಹಿಂದೆ ಐಸ್ ಡಬ್ಬ ಹಿಡಿದು ಬರುವ ಮೇಡಂ. ಡಬ್ಬದೊಳಗೆ ಏನಿದೆ ಅಂತ ಒಬ್ಬರೂ ಕೇಳಲಿಲ್ಲ.

ಕೇಳದಿದ್ದರೂ ಹೇಳುತ್ತೇನೆ. ಕಾಮಕಸ್ತೂರಿ ಬೀಜ ನೆನೆಸಿದರೆ ಸುತ್ತಲೂ ಲೋಳೆ ಕಟ್ಟುತ್ತದಲ್ಲ, ಹೈಡ್ರೋಜೆಲ್ ಅಂದರೆ ಸುಮಾರಾಗಿ ಅಂಥದ್ದು. ತನ್ನ ತೂಕದ ಎಷ್ಟೋ ಪಟ್ಟು ನೀರನ್ನು ಒಳಗೆ ಹಿಡಿದಿಟ್ಟುಕೊಳ್ಳುವ ಬಲೆ. ನಾನು ಮಾಡಿದ್ದು ಕಡಲಪಾಚಿಯಿಂದ ತೆಗೆದ ಪುಡಿಯದು. ಅದನ್ನು ನೀರಿನಲ್ಲಿ ಕಲಸಿ, ಆಂಟಿಬಯಾಟಿಕ್ ಬೆರೆಸಿ, ಗಾಯದೊಳಗೆ ಸಿರಿಂಜಿನಿಂದ ತುಂಬಿ, ಮೇಲೆ ಕ್ಯಾಲ್ಸಿಯಂ ದ್ರಾವಣ ಸಿಂಪಡಿಸಿದರೆ ಎಳನೀರಿನ ಗಂಜಿಯ ಹಾಗೆ ಮೆತ್ತಗೆ ಕಟ್ಟಿಕೊಳ್ಳುತ್ತದೆ. ಆಮೇಲೆ ಅದರ ಬಲೆಯ ಕಣ್ಣುಗಳಿಂದ ಔಷಧಿ ದಿನವೂ ಇಷ್ಟಿಷ್ಟೇ ಹೊರಗೆ ಬರುತ್ತದೆ. ಮಲೆನಾಡಿನ ಮಳೆಯಲ್ಲಿ ದನದ ಕಾಲಿಗೆ ಕಟ್ಟಿದ ಪಟ್ಟಿ ಸಂಜೆಯವರೆಗೂ ನಿಲ್ಲುವುದಿಲ್ಲ. ದಿನಾ ಬಂದು ಗಾಯ ತೊಳೆದು ಮುಲಾಮು ಹಚ್ಚಲು ಡಾಕ್ಟರಿಗೆ ಹತ್ತು ಜನ್ಮ ಬೇಕು. ಇಂಜೆಕ್ಷನ್ ಕೊಟ್ಟರೆ ಔಷಧಿ ಹಾಲಿಗೂ ಇಳಿಯುತ್ತದೆ, ಅಷ್ಟು ದಿನ ಹಾಲು ಚೆಲ್ಲಬೇಕು, ಚೆಲ್ಲುವವರು ಯಾರು? ಒಂದು ಸಲ ತುಂಬಿ, ಮೇಲೊಂದು ಬೂಟು ಕಟ್ಟಿ ಬಂದರೆ ಒಂದು ವಾರ ಆ ಕಡೆ ತಲೆ ಹಾಕದಿದ್ದರೂ ಆಗುವ ಮದ್ದು ಇದು. ಇಂಥದ್ದನ್ನು ಮಾಡಿದವಳಿಗೆ ಒಂದು ಒಳ್ಳೆ ಮಾತು ಬೇಡವೇ?

ಆಷಾಢದ ಮಳೆಯಲ್ಲಿ ಹಸು ಮೇಲೆ ಹಸು ವಾಸಿಯಾಯಿತು. ಪ್ರತಿ ಮನೆಯಲ್ಲೂ ಅದೇ ಹಾಡು. "ಡಾಕ್ಟ್ರು ಮುಟ್ಟಿದ್ರೆ ಸಾಕು." ದೇವರಮನೆ ಕಡೆಯ ಒಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರಂತೂ ನನ್ನೆದುರೇ ಅವರಿಗೆ, "ಈಗ ನೀವು ಕಾಲು ಹಿಡಿದುಕೊಂಡ್ರೂ ಸಾಕು ಅನ್ನೋ ಹಾಗಾಗಿದೆ ಸಾರ್" ಅಂದರು. ಕೇಳಿ ನನಗೆ ಕಣ್ಣು ಕತ್ತಲೆ ಬಂತು. ಎಲ್ಲಕ್ಕಿಂತ ಹೊಟ್ಟೆಗೆ ಬೆಂಕಿ ಬೀಳುತ್ತಿದ್ದದ್ದು ಅವರು ಹಸುವಿನ ಕಾಲೆತ್ತಿಸುವುದನ್ನು ನೋಡಿದಾಗ. ನಾನು ಹಗ್ಗ ಹಾಕಿ, ಎಳೆದು, ಒದೆ ತಿಂದು ಎತ್ತಿಸಬೇಕು. ಅವರು ಹಸುವಿನ ತೊಡೆಗೆ ಒರಗಿ, ಅದರ ಹತ್ತಿರ ಏನೋ ಊರ ಸುದ್ದಿ ಮಾತಾಡಿಕೊಂಡು ಕೈ ಜಾರಿಸಿದರೆ ಅದೇ ಕಾಲು ಕೊಡುತ್ತಿತ್ತು. ಕದ್ದು ಅಭ್ಯಾಸ ಮಾಡಿದೆ. ನನಗೆ ಯಾವ ಹಸುವೂ ಕೊಡಲಿಲ್ಲ.

ಹೀಗಿರುವಾಗ ಬಣಕಲ್‌ನ ಗ್ಯಾರೇಜಿನವರ ಹಸುವಿನ ಸರದಿ ಬಂತು.

ಹೆದ್ದಾರಿ ಪಕ್ಕದಲ್ಲಿ ಲಾರಿ ರಿಪೇರಿ ಮಾಡುವ ಸಾಹೇಬರು, ಹಿಂದೆ ಮನೆ, ಮನೆಯ ಹಿಂದೆ ಒಂದಿಷ್ಟು ಕಾಫಿ, ಮೆಣಸು. ಹಸು ಸಾಹೇಬರ ಹೆಂಡತಿಯದು. ಹೆಸರು ಚುಕ್ಕಿ. ತುಂಬು ಗಬ್ಬ, ಇನ್ನೊಂದು ತಿಂಗಳಿಗೆ ಕರು ಹಾಕಬೇಕು. ಹಿಂಗಾಲಿನ ಗೊರಸಿಗೆ ಯಾವುದೋ ಕಬ್ಬಿಣದ ಚೂರು ಹೊಕ್ಕು ಒಳಗೇ ಕೊಳೆತಿತ್ತು. ಸತ್ತ ಭಾಗ ಹೆರೆದು ತೆಗೆದು ಜೆಲ್ ತುಂಬಿದೆ. ಸಾಹೇಬರು ಹಳೇ ಲಾರಿ ಟ್ಯೂಬು ಕತ್ತರಿಸಿ ಚಂದದ ಬೂಟು ಮಾಡಿಕೊಟ್ಟರು. "ಏನಾದ್ರೂ ಆಗಲಿ, ಬೂಟು ಮಾತ್ರ ಬಿಚ್ಚಬೇಡಿ," ಅಂತ ನಾನು ಆ ಹೆಂಗಸಿಗೆ ಹೇಳಿದೆ. ಆಕೆ ಡಾಕ್ಟರ ಮುಖ ನೋಡಿದಳು. ಅವರು ತಲೆಯಾಡಿಸಿದ ಮೇಲೆ "ಆಯ್ತು" ಅಂದಳು.

ವಾರ ಕಳೆಯುವುದರೊಳಗೆ ಫೋನ್ ಬಂತು. ಫೋನು ಡಾಕ್ಟರಿಗೇ, ನನಗಲ್ಲ. ಹೋಗಿ ನೋಡಿದರೆ ಚುಕ್ಕಿ ಆ ಕಾಲನ್ನು ನೆಲಕ್ಕೆ ತಾಗಿಸುತ್ತಲೇ ಇಲ್ಲ. ಗೊರಸಿನ ಮೇಲೆ ಬಾವು, ಮುಟ್ಟಿದರೆ ಸುಡುತ್ತದೆ. ಬೂಟು ಬಿಚ್ಚಿದಾಗ ಬಂದ ವಾಸನೆಗೆ ಸಾಹೇಬರು ಮೂಗು ಮುಚ್ಚಿಕೊಂಡು ಆಚೆ ಹೋದರು. ನನ್ನ ಜೆಲ್ ಒಂದು ಮುದ್ದೆಯಾಗಿ ಉದುರಿ ಬಿತ್ತು, ಹಿಂದೆಯೇ ಕೀವು ಸುರಿಯಿತು. ಗಾಯಕ್ಕೆ ಬಿರಡೆ ಹೊಡೆದ ಹಾಗೆ ಕೂತು ಕೊಳೆಯನ್ನೆಲ್ಲ ಒಳಗೇ ಹಿಡಿದಿಟ್ಟಿತ್ತು.

"ನಿಮ್ಮ ಅಂಟು ಹಾಕಿದ ಮೇಲೇ ಹೀಗಾಗಿದ್ದು ಮೇಡಂ," ಅಂದಳು ಆ ಹೆಂಗಸು.

ನೋಡಿ, ಹೇಗಿದೆ! ವಾಸಿಯಾದರೆ ಡಾಕ್ಟರ ಕೈಗುಣ, ಕೆಟ್ಟರೆ ಮೇಡಂನ ಅಂಟು.

ಡಾಕ್ಟರು ಬಾವನ್ನು ಒತ್ತಿ ನೋಡಿದರು. "ಕೀವು ಕೀಲಿಗೆ ಹತ್ತಿದ್ರೆ ಕಷ್ಟ. ಶುಕ್ರವಾರ ಬೆಳಿಗ್ಗೆ ಗೊರಸಿನ ಆ ಹೋಳು ತೆಗೆದುಬಿಡ್ತೀನಿ," ಅಂದರು. ಹಸುವಿಗೆ ಗೊರಸಿನಲ್ಲಿ ಎರಡು ಹೋಳು, ಒಂದು ತೆಗೆದರೂ ಬದುಕುತ್ತದೆ. ಆದರೆ ತುಂಬು ಗಬ್ಬದ ಭಾರ ಒಂದೇ ಹೋಳಿನ ಮೇಲೆ ಬಿದ್ದರೆ? ಒಮ್ಮೆ ಮಲಗಿಬಿಟ್ಟರೆ ಅಂಥ ಹಸು ಏಳುವುದು ಅಪರೂಪ. ತಾಯಿ, ಕರು ಎರಡೂ ಹೋಗುತ್ತವೆ. ಹೆಂಗಸು ಚುಕ್ಕಿಯ ಕುತ್ತಿಗೆಯಡಿಯ ಗಂಗೆದೊಗಲು ಸವರುತ್ತಾ ನಿಂತಳು. ಆ ಕ್ಷಣ ಆಕೆಯ ಮೇಲೆ ನನಗೆ ಸಿಟ್ಟಿರಲಿಲ್ಲ.

ಕಾಲೇಜಿನ ನಮ್ಮ ಗೈಡಿಗೆ ಫೋನ್ ಮಾಡಿದೆ. "ಜೆಲ್‌ನಿಂದ ಒಂದು ಹಸು ಗೊರಸು ಕಳೆದುಕೊಂಡಿತು ಅಂದ್ರೆ ಪ್ರಯೋಗ ಅಲ್ಲಿಗೇ ನಿಲ್ಲಿಸಬೇಕಾಗುತ್ತೆ," ಅಂದರು.

ಆ ಮುದ್ದೆಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಮೂಡಿಗೆರೆಯ ನನ್ನ ಬಾಡಿಗೆ ರೂಮಿಗೆ ಬಂದಿದ್ದೆ. ಮಾರನೇ ಬೆಳಿಗ್ಗೆ ತೊಳೆದು ನೋಡಿದೆ. ನನ್ನ ಜೆಲ್ ಅಂತ ಗುರುತೇ ಸಿಗಲಿಲ್ಲ. ಅರ್ಧದಷ್ಟು ಕುಗ್ಗಿತ್ತು. ಬ್ಲೇಡಿಗೆ ರಬ್ಬರಿನ ಹಾಗೆ ಜಾರುತ್ತಿತ್ತು. ಅಂಚಿಗೆಲ್ಲ ನೀಲಿ ಬಣ್ಣ. ಜೆಲ್ ಕಲಸಿದ್ದೇ ತಪ್ಪಾಯಿತೇನೋ ಅಂತ ಅದೇ ಸೀಸೆಯಿಂದ ಹೊಸದು ಕಟ್ಟಿದೆ. ಮೆತ್ತಗೇ ಬಂತು. ಉಪ್ಪುನೀರಿಗೆ ಹಾಕಿದೆ, ಉಬ್ಬಿ ಸಡಿಲಾಯಿತು. ಗಂಜಲಕ್ಕೆ ಹಾಕಿದೆ, ಫಿನಾಯಿಲ್‌ಗೆ ಹಾಕಿದೆ. ಯಾವುದೂ ಹೀಗೆ ಗಟ್ಟಿಯಾಗಲಿಲ್ಲ, ಯಾವುದೂ ನೀಲಿಯಾಗಲಿಲ್ಲ.

ತಲೆ ಕೆಟ್ಟು ಕಾಫಿ ಕುಡಿಯಲು ಕೆಳಗಿಳಿದೆ. ಮಳೆ ಒಂದು ವಾರದಿಂದ ಬಿಡುವು ಕೊಟ್ಟಿತ್ತು. ಎದುರಿನ ಗೊಬ್ಬರದಂಗಡಿಯ ಮುಂದೆ ಜೀಪುಗಳ ಸಾಲು. ಔಷಧಿ ಹೊಡೆಯುವ ಆಳುಗಳ ಅಂಗಿ ನೀಲಿ, ಡ್ರಮ್ಮು ನೀಲಿ, ಅಂಗಡಿಯವನ ಕೈಯುಗುರೂ ನೀಲಿ. ಅಯ್ಯೋ ನನ್ನ ಬುದ್ಧಿಯೇ! ಈ ಗುಡ್ಡಗಳಲ್ಲಿ ಮಳೆ ಬಿಡುವಿನಲ್ಲಿ ನೀಲಿ ಅಂದರೆ ಒಂದೇ. ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ. ಕಾಫಿಗೆ, ಮೆಣಸಿಗೆ ಕೊಳೆ ಬಾರದಂತೆ ಹೊಡೆಯುತ್ತಾರೆ. ಮಿಕ್ಕಿದ್ದನ್ನು ಯಾರೂ ಚೆಲ್ಲುವುದಿಲ್ಲ. ಅದಕ್ಕೆ ಇನ್ನೊಂದು ಹಿಡಿ ಮೈಲುತುತ್ತ ಹಾಕಿ ದನದ ಕಾಲಿಗೆ ಹುಯ್ಯುತ್ತಾರೆ. ನಾನು ಚಿಕ್ಕವಳಿದ್ದಾಗ ನೋಡಿಕೊಂಡೇ ಬೆಳೆದದ್ದು. ಹಿಂದಿನ ಹಸುಗಳು ವಾಸಿಯಾದದ್ದು ಬಿಡದ ಮಳೆಯಲ್ಲಿ, ಆಗ ಯಾರೂ ಔಷಧಿ ಹೊಡೆದಿರಲಿಲ್ಲ.

ಒಂದು ಪೊಟ್ಟಣ ಮೈಲುತುತ್ತ ತಂದು ಲೋಟದಲ್ಲಿ ಕರಗಿಸಿ ಹೊಸ ಜೆಲ್ಲಿನ ತುಂಡು ಬಿಟ್ಟೆ. ನೋಡನೋಡುತ್ತಲೇ ನೀಲಿಗಟ್ಟಿತು, ಬಿಗಿಯಿತು, ಸುಕ್ಕಾಯಿತು. ಕ್ಯಾಲ್ಸಿಯಂ ಇದ್ದ ಜಾಗಕ್ಕೆ ತಾಮ್ರ ನುಗ್ಗಿ ಬಲೆಯನ್ನು ಇನ್ನಷ್ಟು ಬಿಗಿದು ಎಳೆದಿತ್ತು. ಕಣ್ಣು ಮುಚ್ಚಿದ ಬಲೆಯಿಂದ ಔಷಧಿ ಹೊರಗೆ ಬರುವುದು ಹೇಗೆ?

ಮುಂದಿನ ಬಸ್ಸಿಗೇ ಬಣಕಲ್‌ಗೆ ಹೋದೆ.

"ಬೂಟು ಬಿಚ್ಚಿ ಮೈಲುತುತ್ತ ಹಾಕಿದ್ರಾ?"

"ಬಿಚ್ಚಬೇಡಿ ಅಂದಿದ್ರಲ್ಲ ಮೇಡಂ, ನಾವ್ಯಾಕೆ ಬಿಚ್ತೀವಿ?" ಹೆಂಗಸಿಗೆ ಬೇಜಾರೇ ಆಯಿತು. "ಮೇಲಿಂದ ಚೊಂಬಲ್ಲಿ ಹುಯ್ದಿದ್ದು. ದಿನಾ ಬೆಳಿಗ್ಗೆ, ಒಂದಿನಾನೂ ತಪ್ಪಿಸಿಲ್ಲ."

"ಯಾರು ಹೇಳಿದ್ದು ಹುಯ್ಯೋಕೆ?"

"ಯಾರು ಹೇಳ್ಬೇಕು, ಎಲ್ಲರ ಮನೇಲೂ ಹುಯ್ತಾರೆ. ನಮಗೆ ಡಾಕ್ಟ್ರೇ ಹೇಳಿಕೊಟ್ಟಿದ್ದು."

ನಿಜ ಹೇಳುತ್ತೇನೆ, ಯುಗಾದಿಗೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಸಿಕ್ಕಿಬಿದ್ದರಲ್ಲ ಕೈಗುಣದ ಮಹಾರಾಜರು! ಗೈಡಿಗೆ ಒಂದು ಫೋನ್ ಸಾಕಿತ್ತು: ಜೆಲ್ ಸರಿಯಿದೆ, ಕೆಡಿಸಿದ್ದು ಇಲ್ಲಿನ ಡಾಕ್ಟರ ಸಲಹೆ, ಈ ಹಸುವಿಗೂ ನಮಗೂ ಸಂಬಂಧವಿಲ್ಲ. ನನ್ನ ಪ್ರಯೋಗ ಉಳಿಯುತ್ತಿತ್ತು, ಅವರ ಹೆಸರು ಮಣ್ಣಾಗುತ್ತಿತ್ತು. ಶುಕ್ರವಾರ ಅವರು ಗೊರಸು ಕತ್ತರಿಸಲಿ, ನಾನು ಆ ಕಡೆ ತಿರುಗಿಯೂ ನೋಡಬೇಕಿರಲಿಲ್ಲ.

"ಇನ್ನು ಮೇಲೆ ಹುಯ್ಯಬೇಡಿ, ಅದರಿಂದಲೇ ಕೆಟ್ಟಿದ್ದು," ಅಂದೆ.

"ಡಾಕ್ಟ್ರನ್ನ ಒಂದ್ಮಾತು ಕೇಳ್ತೀನಿ," ಅಂದಳು.

ನಾನು ಜೆಲ್ ಮಾಡಿದವಳು, ಎದುರಿಗೇ ನಿಂತು ಬೇಡಿಕೊಳ್ಳುತ್ತಿದ್ದೇನೆ, ಇವಳು ಅವರನ್ನು ಕೇಳಬೇಕಂತೆ! ಚೀಲ ಎತ್ತಿಕೊಂಡು ಹೊರಟೆ. ಅಷ್ಟರಲ್ಲಿ ಚುಕ್ಕಿ ಕುತ್ತಿಗೆ ಚಾಚಿ ನೀರಿನ ಬಾನಿಯ ಕಡೆ ಹೋಗಲು ನೋಡಿತು. ಮೂರು ಕಾಲಲ್ಲಿ ಕುಪ್ಪಳಿಸಿತು, ಹೊಟ್ಟೆ ಒಂದು ಕಡೆ ತೂಗಿತು, ಗೋಡೆಗೆ ಒರಗಿ ನಿಂತು ನಡುಗಿತು. ನೀರು ಒಂದು ಮಾರು ದೂರದಲ್ಲಿ ಹಾಗೇ ಉಳಿಯಿತು. ಬಾನಿಯನ್ನು ಅದರ ಮುಂದಕ್ಕೆ ಎಳೆದಿಟ್ಟು ಮೂಡಿಗೆರೆ ಬಸ್ ಹತ್ತಿದೆ.

ಡಾಕ್ಟರು ಆಸ್ಪತ್ರೆಯ ಅಂಗಳದಲ್ಲಿ ಗಂಬೂಟು ತೊಳೆಯುತ್ತಿದ್ದರು. ಅವರ ಮುಂದೆ ಲೋಟ ಇಟ್ಟು, ಮೈಲುತುತ್ತದ ನೀರು ಹುಯ್ದು, ಜೆಲ್ಲಿನ ತುಂಡು ಬಿಟ್ಟೆ. ಅವರು ಕುಕ್ಕರುಗಾಲಲ್ಲಿ ಕೂತು ಅದು ನೀಲಿಯಾಗುವವರೆಗೂ ನೋಡಿದರು.

"ಇದನ್ನ ಊರಿಗೆಲ್ಲ ಹೇಳಿಕೊಟ್ಟಿದ್ದು ನಾನೇ," ಅಂದರು.

"ಗೊತ್ತು ಸರ್."

"ಖುಷಿಯಾಗಿರಬೇಕಲ್ಲ ನಿನಗೆ?"

"ಆಯ್ತು ಸರ್."

ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ. "ಗೊರಸು ತೆಗೀಬೇಡಿ. ಒಂದು ವಾರ ನನಗೆ ಬಿಡಿ," ಅಂದೆ.

"ನಾನು ಶನಿವಾರ ಮಂಗಳೂರಿಗೆ ಹೊರಟೆ ಮಾರಾಯ್ತಿ, ನನ್ನ ಕಣ್ಣಿನ ಆಪರೇಶನ್. ನಾನು ಬರೋದರೊಳಗೆ ಕೀಲಿಗೆ ಹತ್ತಿದ್ರೆ ಹಸು ಹೋಯ್ತು ಅಂತ ಲೆಕ್ಕ. ಹೊಣೆ ಹೊರ್ತೀಯಾ?"

"ಹೊರ್ತೀನಿ."

"ಬರೀ ಜೆಲ್ ಸಾಕಾಗಲ್ಲ ಈಗ. ಬಾವು ಮೇಲೆ ಹತ್ತಿದೆ. ಇಂಜೆಕ್ಷನ್ನೂ ಕೊಡಬೇಕು."

ಅದೇ ಕಷ್ಟವಾಗಿದ್ದು. ಜೆಲ್ ಜೊತೆ ಇಂಜೆಕ್ಷನ್ ಕೊಟ್ಟರೆ ವಾಸಿ ಮಾಡಿದ್ದು ಯಾವುದು ಅಂತ ಹೇಳಲಿಕ್ಕಾಗುವುದಿಲ್ಲ. ಪ್ರಯೋಗದ ನಿಯಮದ ಪ್ರಕಾರ ಆ ಹಸುವನ್ನು ಲೆಕ್ಕದಿಂದ ಬಿಡಬೇಕು. ಚುಕ್ಕಿ ಬದುಕಿದರೂ ನನ್ನ ಜೆಲ್ ಬದುಕಿಸಿತು ಅಂತ ನಾನು ಎಲ್ಲೂ ಬರೆಯುವಂತಿಲ್ಲ. ಊರಿನವರಂತೂ ಹೇಳುವುದಿಲ್ಲ, ಇನ್ನು ನಾನೂ ಹೇಳುವಂತಿಲ್ಲ. ಹಾಳಾಗಿ ಹೋಗಲಿ ಅಂದುಕೊಂಡೆ. "ಕೊಡ್ತೀನಿ," ಅಂದೆ.

ಡಾಕ್ಟರು ಫೋನ್ ತೆಗೆದು ಬಣಕಲ್‌ಗೆ ಮಾತಾಡಿದರು. "ಅಮ್ಮಾ, ಮೈಲುತುತ್ತ ಮುಟ್ಟಬೇಡಿ. ಮೇಡಂ ಏನು ಹೇಳ್ತಾರೋ ಹಾಗೇ ಮಾಡಿ." ಅಷ್ಟೇ. ನಾನು ಮಧ್ಯಾಹ್ನವೆಲ್ಲ ತಲೆ ಚಚ್ಚಿಕೊಂಡರೂ ಆಗದ್ದು ಎರಡು ಮಾತಿನಲ್ಲಿ ಆಯಿತು. ಆ ಫೋನನ್ನು ಕಿತ್ತುಕೊಂಡು ಗಂಬೂಟಿನ ಬಕೆಟ್ಟಿಗೆ ಎಸೆಯಬೇಕು ಅನ್ನಿಸಿತು.

ಶುಕ್ರವಾರ ಗೊರಸು ಕತ್ತರಿಸುವ ಬದಲು ನಾನು ಗಾಯವನ್ನು ಮತ್ತೆ ತೆರೆದೆ. ಕಾಲು ಮರಗಟ್ಟಿಸಿ, ಕೀವು ಹರಿಯಲು ಕೆಳಗಡೆ ದಾರಿ ಮಾಡಿ, ನೀಲಿ ಹತ್ತಿದ ಅಂಚನ್ನೆಲ್ಲ ಹೆರೆದು, ಕಾಯಿಸಿ ಆರಿಸಿದ ನೀರಲ್ಲಿ ಮತ್ತೆ ಮತ್ತೆ ತೊಳೆದೆ. ಈ ಸಲ ಗಾಯದ ಬಾಯಿಯವರೆಗೂ ಜೆಲ್ ತುಂಬಲಿಲ್ಲ, ಕೀವು ಬರುವ ದಾರಿ ಬಿಟ್ಟು ಪದರವಾಗಿ ಹಚ್ಚಿದೆ. ಸಾಹೇಬರು ಲಾರಿ ಟಯರಿನ ದಪ್ಪ ತುಂಡೊಂದನ್ನು ಗೊರಸಿನ ಅಳತೆಗೆ ಕೊಯ್ದುಕೊಟ್ಟರು. ಅದನ್ನು ಚೆನ್ನಾಗಿದ್ದ ಹೋಳಿನ ಅಡಿಗೆ ಅಂಟಿಸಿದ್ದರಿಂದ ಕೆಟ್ಟ ಹೋಳು ನೆಲದಿಂದ ಮೇಲೆದ್ದು, ವಾಸಿಯಾಗುವವರೆಗಿನ ಮಟ್ಟಿಗೆ ಅದಕ್ಕೆ ಭಾರ ತಪ್ಪಿತು. ಕೊಟ್ಟಿಗೆಗೆ ಹಾಸಿದ್ದ ಒದ್ದೆ ಸೊಪ್ಪು ತೆಗೆಸಿ ಒಣಗಿದ ಕಾಫಿ ಹೊಟ್ಟು ಹಾಸಿದೆವು. ಡಾಕ್ಟರು ಊರಲ್ಲೇ ಇದ್ದರೂ ಬರಲಿಲ್ಲ. ಮತ್ತೆ ಕೈಗುಣದ ಮಾತು ಬರಬಾರದು ಅಂತ ಬೇಕೆಂದೇ ಬರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ದಿನಾ ಬಸ್ಸಿನಲ್ಲಿ ಹೋಗಿ ಇಂಜೆಕ್ಷನ್ ಕೊಟ್ಟು ಬರುತ್ತಿದ್ದೆ. ಮೊದಲ ದಿನಗಳಲ್ಲಿ ಜ್ವರ ಇಳಿಯಲಿಲ್ಲ. ಒಂದು ಮಧ್ಯಾಹ್ನ ಹೋದಾಗ ಚುಕ್ಕಿ ಮಲಗಿತ್ತು. ಬೆಳಿಗ್ಗೆಯಿಂದ ಎದ್ದಿಲ್ಲ ಅಂದರು. ಹೆಂಗಸು ಅಳುತ್ತಾ, "ಡಾಕ್ಟ್ರು ಇದ್ದಿದ್ರೆ," ಅಂದಳು. ಮುಂದಿನದ್ದನ್ನು ಆಕೆ ಹೇಳಲಿಲ್ಲ, ನನಗೆ ಕೇಳಿಸಿತು.

"ಸಾಹೇಬ್ರೇ, ಇಂಜಿನ್ ಎತ್ತೋದು ಯಾವುದರಲ್ಲಿ?" ಅಂದೆ.

ಚೈನ್ ಪುಲ್ಲಿ ತಂದು ಕೊಟ್ಟಿಗೆಯ ತೊಲೆಗೆ ಕಟ್ಟಿದರು. ಗೋಣಿಚೀಲ ಹೊಲಿದು ಎದೆಗೊಂದು, ತೊಡೆ ಹತ್ತಿರವೊಂದು ಪಟ್ಟಿ ಹಾಕಿದೆವು. ಹೊಟ್ಟೆಗೆ ಭಾರ ಬೀಳದ ಹಾಗೆ ನಾನು ಕೆಳಗೆ ತೂರಿಕೊಂಡು ಪಟ್ಟಿ ಸರಿ ಮಾಡುತ್ತಿದ್ದೆ. "ನಿಧಾನ, ನಿಧಾನ, ಇದು ಇಂಜಿನ್ ಅಲ್ಲ ಸಾಹೇಬ್ರೇ!" ಅಂತ ಕೂಗುತ್ತಿದ್ದೆ. ಅವರು ಸರಪಳಿ ಎಳೆದ ಹಾಗೆಲ್ಲ ಚುಕ್ಕಿ ಇಷ್ಟಿಷ್ಟೇ ಮೇಲೆ ಬಂತು. ಕಾಲು ನೆಲಕ್ಕೆ ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು. ನಿಂತಿತು. ಅದರ ಮೂಗಿನಿಂದ ಬಂದ ಬಿಸಿ ಉಸಿರು ನನ್ನ ಕುತ್ತಿಗೆಗೆ ತಾಗಿತು. ಸಂಜೆವರೆಗೂ ಆ ಪಟ್ಟಿಯಲ್ಲೇ ಒರಗಿಸಿ, ಕಾಲು ತಿಕ್ಕಿ, ಬೆಲ್ಲದ ನೀರು ಕುಡಿಸಿದೆವು. ಮಾರನೇ ದಿನ ಜ್ವರ ಇಳಿಯಿತು.

ವಾರದ ಕೊನೆಗೆ ಬೂಟು ಬಿಚ್ಚುವ ದಿನ ಬಂತು. ಗ್ಯಾರೇಜಿನ ಆಳುಗಳೂ ಬಂದು ಬಾಗಿಲಲ್ಲಿ ನಿಂತಿದ್ದರು. ಟ್ಯೂಬು ಸರಿಸಿದೆ. ವಾಸನೆ ಬರಲಿಲ್ಲ. ಜೆಲ್ ಮೆತ್ತಗೆ, ತಿಳಿಯಾಗಿ, ಅಂಚಿನಲ್ಲಿ ಕರಗುತ್ತಾ ಇತ್ತು. ಅದರ ಕೆಳಗೆ ಕೆಂಪು ಹೊಸ ಮಾಂಸ. ಬಾವು ಇಳಿದು ಚರ್ಮ ಸುಕ್ಕುಗಟ್ಟಿತ್ತು. ಕಾಲು ಕೆಳಗಿಟ್ಟೆ. ಚುಕ್ಕಿ ಒಂದು ಸಲ ಯೋಚನೆ ಮಾಡಿ, ಭಾರ ಬಿಟ್ಟು ಊರಿತು. ಬಾನಿಯ ತನಕ ನಾಲ್ಕೂ ಕಾಲಲ್ಲಿ ನಡೆದು ಹೋಗಿ ನೀರು ಕುಡಿಯಿತು.

ಹೆಂಗಸು ಮೊದಲು ಮಾಡಿದ ಕೆಲಸ ಡಾಕ್ಟರಿಗೆ ಫೋನ್ ಮಾಡಿದ್ದು. ಎಲ್ಲರೂ ಕೇಳಲಿ ಅಂತ ಸ್ಪೀಕರ್ ಬೇರೆ ಹಾಕಿದಳು.

"ಡಾಕ್ಟ್ರೇ, ಚುಕ್ಕಿ ನಡೀತಾ ಇದೆ! ಎಲ್ಲ ನಿಮ್ಮ ಕೈಗುಣ."

ಆ ಕಡೆಯಿಂದ ಡಾಕ್ಟರ ಗಂಟಲು ಬಂತು. "ನನ್ನ ಕೈ ಮಂಗಳೂರಲ್ಲಿದೆಯಲ್ಲ ಅಮ್ಮಾ. ಆ ಗೊರಸು ಕತ್ತರಿಸ್ತೀನಿ ಅಂತ ಹೊರಟವನು ನಾನು. ಮೈಲುತುತ್ತ ಹುಯ್ಯೋದು ಹೇಳಿಕೊಟ್ಟು ಕೆಡಿಸಿದವನೂ ನಾನೇ. ಬೇಡ ಅಂತ ಹಟ ಹಿಡಿದು ಉಳಿಸಿಕೊಟ್ಟಿದ್ದು ನಿಮ್ಮ ಪಕ್ಕದಲ್ಲಿದ್ದಾರಲ್ಲ, ಆ ಮೇಡಂ. ನಂದು ಇದರಲ್ಲಿ ಒಂದು ಚೂರೂ ಇಲ್ಲ. ತಿಳೀತಾ?"

"ತಿಳೀತು ಡಾಕ್ಟ್ರೇ," ಅಂದಳು.

ಇಡೀ ಮಳೆಗಾಲ ನಾನು ಕೇಳಬೇಕು ಅಂತ ಕಾದಿದ್ದ ಮಾತು. ಅದೂ ಗ್ಯಾರೇಜಿನ ಆಳುಗಳವರೆಗೂ ಕೇಳಿಸುವ ಹಾಗೆ. ನಾನು ಗೊರಸು ಹೆರೆಯುವ ಚಾಕು ಒರೆಸುತ್ತಾ ತಲೆ ಎತ್ತದೆ ಕಾದೆ.

ಹೆಂಗಸು ಫೋನ್ ಇಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಕೇಳಿದ್ರಾ ಮೇಡಂ? ಎಂಥಾ ದೊಡ್ಡ ಮನಸ್ಸು ಅವರದು! ಮಾಡಿದ್ದನ್ನೆಲ್ಲ ಇನ್ನೊಬ್ಬರಿಗೆ ಬಿಟ್ಟುಕೊಡೋರು ಈ ಕಾಲದಲ್ಲಿ ಯಾರಿದ್ದಾರೆ ಹೇಳಿ?"

ಆಳುಗಳು ತಲೆಯಾಡಿಸಿದರು. ಸಾಹೇಬರೂ ತಲೆಯಾಡಿಸಿದರು.

ಅವರ ದೊಡ್ಡ ಮನಸ್ಸು ಸುಳ್ಳಾಗಿದ್ದರೆ ನಾನು ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದೆ. ಸುಳ್ಳಾಗಿರಲಿಲ್ಲ. ನನ್ನ ಹೊಟ್ಟೆ ಉರಿದದ್ದೂ ಅದಕ್ಕೇ. "ಹೌದಮ್ಮಾ, ದೊಡ್ಡ ಮನಸ್ಸೇ," ಅಂದು ಐಸ್ ಡಬ್ಬದ ಮುಚ್ಚಳ ಹಾಕಿದೆ.